ಮದುವೆಯಾಗದ ಅಪ್ಪ ಮಗುವಿನ ಕಸ್ಟಡಿ ಕೇಳುವುದು ಹೇಗೆ?

ಮದುವೆ ಆಗಿರಲಿಲ್ಲ. ಒಟ್ಟಿಗೆ ಇದ್ದರು, ಈಗ ಬೇರೆಯಾಗಿದ್ದಾರೆ. ಮೂರು ವರ್ಷದ ಮಗಳು ಅಮ್ಮನ ಜೊತೆ ಉಡುಪಿ ಜಿಲ್ಲೆಯ ಕಾಪುವಿನಲ್ಲಿ, ಅಪ್ಪ ಮಂಗಳೂರಿನ ಸುರತ್ಕಲ್‌ನಲ್ಲಿ. ಫೋನ್ ಮಾಡಿದರೆ ಆ ಕಡೆ ಎತ್ತುವುದಿಲ್ಲ. 'ಮದುವೆಯೇ ಆಗಿಲ್ಲ, ನಿನಗೆಂಥ ಹಕ್ಕು ಮಾರಾಯ?' ಅಂತ ಸ್ನೇಹಿತರೇ ಕೇಳುತ್ತಾರೆ. ಇಂಥ ಅಪ್ಪ ಏನು ಮಾಡಬೇಕು?

ಕೋರ್ಟಿಗೆ ಹೋಗುವ ಹಕ್ಕು ಖಂಡಿತ ಇದೆ. ಆದರೆ ಕಾನೂನಿನಲ್ಲಿ ಅಪ್ಪನ ಸರದಿ ಎರಡನೆಯದು. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ ಪ್ರಕಾರ, ಮದುವೆಯಾಚೆ ಹುಟ್ಟಿದ ಮಗುವಿಗೆ ಮೊದಲ ಸಹಜ ಪಾಲಕಿ ತಾಯಿ. ತಂದೆ ಆಮೇಲೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರುತ್ತದೆ. ಹಾಗಂತ ಬಾಗಿಲು ಮುಚ್ಚಿಲ್ಲ, ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಅಂತ ಅದೇ ಕಾಯ್ದೆ ಹೇಳುತ್ತದೆ. ನಮ್ಮ ಕಡೆ ಹಿರಿಯರು ಅಳಿಯಕಟ್ಟಿನ (ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಕರಾವಳಿಯ ಪದ್ಧತಿ) ಮಾತು ತೆಗೆದು, 'ಮಗು ತಾಯಿ ಮನೆಯದ್ದು' ಅನ್ನಬಹುದು. ಅದು ಕುಟುಂಬ, ಆಸ್ತಿಯ ವಿಚಾರ. ಕಸ್ಟಡಿ ಕೇಸು ಅದರ ಮೇಲೆ ನಿಲ್ಲುವುದಿಲ್ಲ.

ಮೊದಲು, ನೀವೇ ಅಪ್ಪ ಅನ್ನುವುದಕ್ಕೆ ದಾಖಲೆ ಹುಡುಕಿ. ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರಿದ್ದರೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ ತಾಯಿ ಕಾರ್ಡ್ ನೋಡಿ, ಆಸ್ಪತ್ರೆಯ ಬಿಲ್ ನೋಡಿ, ಅಂಗನವಾಡಿಗೆ ಸೇರಿಸುವಾಗ ಯಾರ ಹೆಸರು ಬರೆಸಿದ್ದೀರಿ ನೋಡಿ. ಸುಮ್ನೆ ಕೇಳಿದ ಮಾತ್ರಕ್ಕೆ ಕೋರ್ಟ್ ಡಿಎನ್‌ಎ ಪರೀಕ್ಷೆಗೆ ಆದೇಶ ಕೊಡುವುದಿಲ್ಲ. ನೀವೇ ತಂದೆ ಅಂತ ತಾಯಿ ಒಪ್ಪಿದರೆ ಅದರ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ.

ಅದಕ್ಕಿಂತಲೂ ಮುಖ್ಯ, ಸಂಪರ್ಕ ಕಡಿಯಬೇಡಿ. ಅವಿವಾಹಿತ ತಾಯಿ ಪಾಲಕಿಯಾಗಲು ತಂದೆಗೆ ನೋಟಿಸ್ ಕೊಡಲೇಬೇಕೆಂದಿಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸಿನಲ್ಲಿ ಅಪ್ಪ ಮಗುವಿನಿಂದ ದೂರವೇ ಇದ್ದವನು. ನೀವು ಹಾಗಲ್ಲ ಅಂತ ತೋರಿಸಬೇಕು. ಜಗಳ ಎಷ್ಟೇ ಇರಲಿ, ಖರ್ಚಿನ ಹಣ ಪ್ರತಿ ತಿಂಗಳು ಬ್ಯಾಂಕ್ ಮೂಲಕವೇ ಕಳಿಸಿ. ಕೈಯಲ್ಲಿ ಕೊಟ್ಟ ನೋಟಿಗೆ ಸಾಕ್ಷಿ ಇರುವುದಿಲ್ಲ. ಒಂದು ನೋಟ್‌ಬುಕ್ ಇಡಿ: 'ಭಾನುವಾರ, ಕದ್ರಿ ಪಾರ್ಕ್, 4ರಿಂದ 6. ಮಗಳಿಗೆ ಸ್ವಲ್ಪ ಕೆಮ್ಮು ಇತ್ತು.' ಇಷ್ಟು ಬರೆದರೆ ಸಾಕು. ಕೆಮ್ಮಿದ್ದನ್ನು ಗಮನಿಸಿದ ಅಪ್ಪ ಅಂತ ಆ ಒಂದು ಸಾಲೇ ಹೇಳುತ್ತದೆ.

ಮಗುವನ್ನು ಹೇಳದೆ ಎತ್ತಿಕೊಂಡು ಬರುವ ಯೋಚನೆ ಮಾತ್ರ ಬೇಡ. ವಿಷಯ ಪೊಲೀಸ್ ಠಾಣೆಗೆ ಹೋಗುತ್ತದೆ, ಮಗು ಹೆದರುತ್ತದೆ, ನಿಮ್ಮ ಕೇಸೂ ಹಾಳಾಗುತ್ತದೆ.

ಅರ್ಜಿ ಹಾಕುವುದು 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ ಅಡಿ. ಇದು ಎಲ್ಲ ಧರ್ಮದವರಿಗೂ ಇದೆ, ಆದರೆ ಕೋರ್ಟ್ ಆಯಾ ಧರ್ಮದ ವೈಯಕ್ತಿಕ ಕಾನೂನನ್ನೂ ನೋಡುತ್ತದೆ. ಹೆಚ್ಚಿನವರು ತಪ್ಪುವುದು ಜಾಗದಲ್ಲಿ. ನೀವಿರುವ ಊರಲ್ಲ, ಮಗು ವಾಸವಿರುವ ಊರು ಲೆಕ್ಕಕ್ಕೆ. ಮಗು ಕಾಪುವಿನಲ್ಲಿದ್ದರೆ ಉಡುಪಿಗೇ ಹೋಗಬೇಕು, ಮಂಗಳೂರಿನ ಕುಟುಂಬ ನ್ಯಾಯಾಲಯಕ್ಕಲ್ಲ. ವಕೀಲರ ಫೀಸು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಆದಾಯ ಮಿತಿಯೊಳಗಿದ್ದವರಿಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಅರ್ಜಿಯಲ್ಲಿ ಪೂರ್ತಿ ಕಸ್ಟಡಿ ಮಾತ್ರ ಕೇಳಿ ಕೂರಬೇಡಿ. ಕೇಸು ಮುಗಿಯುವ ತನಕ ವಾರಕ್ಕೊಮ್ಮೆ ಭೇಟಿ, ವಿಡಿಯೊ ಕಾಲ್, ರಜೆಯಲ್ಲಿ ಒಂದೆರಡು ದಿನ ಅಂತ ಮಧ್ಯಂತರ ಆದೇಶವನ್ನೂ ಕೇಳಿ. ಸಣ್ಣ ಮಗುವಿನ ವಿಷಯದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ ಅಂತ ನನ್ನ ಅಭಿಪ್ರಾಯ. ತಾಯಿಯನ್ನು ಬೈದು ಪುಟ ತುಂಬಿಸಬೇಡಿ. ನೀವು ಡ್ಯೂಟಿಗೆ ಹೋದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಶಾಲೆ ಎಷ್ಟು ದೂರ, ಮನೆಯಲ್ಲಿ ಅಜ್ಜಿ ಇದ್ದಾರಾ, ಇದನ್ನೆಲ್ಲ ಬರೆಯಿರಿ. ಕೋರ್ಟ್ ಮೊದಲು ರಾಜಿ ಮಾಡಿಸಲು ನೋಡುತ್ತದೆ. ಆಗ ಹಟ ಹಿಡಿಯಬೇಡಿ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಜಡ್ಜ್ ಕೇಳಬಹುದು. ಏನು ಹೇಳಬೇಕು ಅಂತ ಮಗುವಿಗೆ ಬಾಯಿಪಾಠ ಮಾಡಿಸುವುದು ಪಾಪ ಅಲ್ವಾ?

ಭೇಟಿಯ ಆದೇಶ ಸಿಕ್ಕಿದರೆ ಮೊದಲ ದಿನ ಐದು ನಿಮಿಷ ಮುಂಚೆಯೇ ಹೋಗಿ. ಮಗಳು ತಕ್ಷಣ ಹತ್ತಿರ ಬರದಿದ್ದರೆ ಎಳೆಯಬೇಡಿ, ಪಕ್ಕದಲ್ಲಿ ಕೂತಿರಿ. ಆರು ಗಂಟೆಗೆ ಬಿಡಬೇಕು ಅಂತಿದ್ದರೆ ಐದೂಮುಕ್ಕಾಲಿಗೇ ಅಮ್ಮನ ಕೈಗೆ ಒಪ್ಪಿಸಿ, ನೋಟ್‌ಬುಕ್‌ನಲ್ಲಿ ಸಮಯ ಬರೆದಿಡಿ.