ಟೇಬಲ್ ಕಾಲು ನಾಲ್ಕಿಂಚು ಕೊಯ್ಸಿದೆ, ಭುಜ ಬೆನ್ನು ಎರಡೂ ಸರಿಹೋದವು

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಆಗಾಗ ಯಾರದೋ ಕವನ ಸಂಕಲನ, ಯಾರದೋ ಪಿಎಚ್‌ಡಿ ಪ್ರಬಂಧ. ಮದುವೆ ಸೀಸನ್ ಬಂತೆಂದರೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂತಲ್ಲೇ ಕೂರಬೇಕು. ಹತ್ತಿರ ಹತ್ತಿರ ಇಪ್ಪತ್ತು ವರ್ಷದಿಂದ ಇದೇ ಕೆಲಸ. ಅದರಲ್ಲಿ ಐದಾರು ವರ್ಷ ನೋವು ತಿನ್ನುತ್ತಲೇ ದುಡಿದೆ. ಈಗ ವರ್ಷದ ಮೇಲಾಯಿತು, ನೋವಿಲ್ಲ. ‘ಟೇಬಲ್ ಕೊಯ್ದರೆ ಬೆನ್ನು ವಾಸಿಯಾಗುತ್ತಾ’ ಅಂತ ನಕ್ಕವರೇ ಈಗ ಅಳತೆ ಕೇಳಿಕೊಂಡು ಅಂಗಡಿಗೆ ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆದೇ ಬಿಡೋಣ ಅನಿಸಿತು.

ಮೊದಲು ನೀರಿಗೆ ಹಾಕಿದ ದುಡ್ಡಿನ ಲೆಕ್ಕ. ಬೆನ್ನಿಗೆ ಕಟ್ಟುವ ಬೆಲ್ಟ್, ಆರುನೂರೋ ಏನೋ. ಕುರ್ಚಿಗೆ ಸಿಗಿಸುವ ಜಾಲರಿ, ಮುನ್ನೂರು. ಮಣಿಕಟ್ಟಿನ ಕೆಳಗಿಡುವ ಮೆತ್ತನೆಯ ಜೆಲ್ ಪಟ್ಟಿ, ನಾನೂರು. ಅದು ಮೇ ತಿಂಗಳಲ್ಲಿ ಒಡೆದು ಕೀಬೋರ್ಡ್ ಮೇಲೆಲ್ಲ ಅಂಟಂಟು. ಫಿಸಿಯೋಥೆರಪಿಗೆ ಒಂದು ಸಲಕ್ಕೆ ಮುನ್ನೂರು. ಹೋದ ದಿನ ಹಾಯೆನಿಸುತ್ತಿತ್ತು. ಮಾರನೇ ದಿನ ಅದೇ ಟೇಬಲ್ಲು, ಅದೇ ನೋವು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಗೇಮಿಂಗ್ ಕುರ್ಚಿ. ಒಂಬತ್ತು ಸಾವಿರದ ಮೇಲೆ ಕೊಟ್ಟು ತರಿಸಿದೆ. ಕೆಂಪು ಕಪ್ಪು ರೆಕ್ಸಿನ್, ತಲೆದಿಂಬು, ಸೊಂಟಕ್ಕೆ ಬೇರೆ ದಿಂಬು. ಬಂದ ಗಿರಾಕಿಗಳೆಲ್ಲ ಕೂತು ಫೋಟೊ ತೆಗೆಸಿಕೊಂಡರು. ನಮ್ಮೂರ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟಿತೆಂದರೆ ರೆಕ್ಸಿನ್ ಮೇಲೆ ಒಂದು ಗಂಟೆ ಕೂರಲು ಆಗಲ್ಲ. ಬೆವರಿ, ಪ್ಯಾಂಟು ಅಂಟಿಕೊಂಡು, ಎದ್ದಾಗ ಚರ್ ಅಂತ ಸದ್ದು. ಅದೂ ಹೋಗಲಿ ಅಂದರೆ ಭುಜದ ನೋವು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಕೊನೆಗೆ ನಾಲ್ಕು ಸಾವಿರಕ್ಕೆ ಮಾರಿದೆ. ಕೊಂಡ ಹುಡುಗ ಅದರ ಮೇಲೆ ಕೂತು ನಿಜವಾಗಿಯೂ ಗೇಮೇ ಆಡುತ್ತಾನೆ. ಅವನಿಗದು ಸರಿ.

ರಾತ್ರಿ ಮಲಗಿದಾಗ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯಲು ಶುರುವಾದಾಗ ಹೆದರಿಕೆಯಾಯಿತು. ಡಾಕ್ಟರ್ ನೋಡಿ, ಮಣಿಕಟ್ಟಿನ ನರ ಒತ್ತಿಕೊಳ್ಳುತ್ತಿದೆ ಅಂದರು. ರಾತ್ರಿ ಹಾಕಿಕೊಳ್ಳಲು ಪಟ್ಟಿ ಕೊಟ್ಟರು. ‘ಟೈಪ್ ಹೊಡೆಯುವಾಗ ಕೈ ಹೇಗಿರುತ್ತೆ, ತೋರಿಸಿ’ ಅಂದರು. ಅವರ ಟೇಬಲ್ ಮೇಲೇ ತೋರಿಸಿದೆ. ಮುಂಗೈ ಟೇಬಲ್ ಅಂಚಿಗೆ ಒತ್ತಿತ್ತು, ಅಂಗೈ ಮೇಲಕ್ಕೆ ಬಾಗಿತ್ತು. ‘ಇದು ನೆಟ್ಟಗಾಗಬೇಕು’ ಅಂದರು, ಅಷ್ಟೇ. ಹೇಗೆ ಅನ್ನುವುದನ್ನು ನಾನೇ ಹುಡುಕಬೇಕಾಯಿತು. ನಿಮಗೂ ಬೆರಳು ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಗರಗಸ ಆಮೇಲೆ.

ನಮ್ಮ ಅಂಗಡಿಗಳಲ್ಲಿರುವ ಟೇಬಲ್‌ಗಳೆಲ್ಲ ಪೆನ್ನು ಹಿಡಿದು ಬರೆಯಲು ಮಾಡಿದವು. ಎತ್ತರ 30 ಇಂಚಿನ ಆಸುಪಾಸು. ಅದರ ಮೇಲೆ ಕೀಬೋರ್ಡಿನ ದಪ್ಪ. ಕೀಬೋರ್ಡಿನ ಹಿಂದಿನ ಎರಡು ಪುಟ್ಟ ಕಾಲು ಎತ್ತಿಟ್ಟರೆ ಇನ್ನೂ ಕೆಟ್ಟದು, ಅಂಗೈ ಮತ್ತಷ್ಟು ಹಿಂದಕ್ಕೆ ಬಾಗುತ್ತೆ. ನಾನು ಐದಡಿ ಮೂರಿಂಚು. ಪಾದ ನೆಲಕ್ಕೆ ಊರಿ, ಭುಜ ಸಡಿಲ ಬಿಟ್ಟು, ಮೊಣಕೈ ಪಕ್ಕೆಗೆ ಹಚ್ಚಿ ಮಡಚಿದರೆ ನೆಲದಿಂದ ಮೊಣಕೈಗೆ 25 ಇಂಚು. ಅಂದರೆ ನನ್ನ ಮೊಣಕೈಗಿಂತ ಐದಾರು ಇಂಚು ಮೇಲೆ ನಾನು ಟೈಪ್ ಮಾಡುತ್ತಿದ್ದೆ. ಇಡೀ ದಿನ ಭುಜ ಎತ್ತಿಕೊಂಡೇ ಇರಬೇಕು, ಇಲ್ಲವೇ ಮಣಿಕಟ್ಟು ಬಾಗಿಸಬೇಕು. ನಾನು ಎರಡೂ ಮಾಡುತ್ತಿದ್ದೆ.

ಅಳತೆಯನ್ನು ನೀವೇ ತೆಗೆಯಬೇಡಿ. ಟೇಪ್ ನೋಡಲು ಬಗ್ಗಿದ ಕೂಡಲೇ ಭುಜ ಇಳಿದು ಲೆಕ್ಕ ತಪ್ಪುತ್ತೆ. ನನಗೆ ನಮ್ಮ ಮನೆಯವರು ಅಳೆದು ಕೊಟ್ಟರು. ಚಪ್ಪಲಿ ಹಾಕಿಕೊಂಡು ಕೆಲಸ ಮಾಡುವವರು ಚಪ್ಪಲಿ ಹಾಕಿಕೊಂಡೇ ಅಳೆಸಿ.

ಕೊಯ್ಯುವ ಮೊದಲು ಕುರ್ಚಿ ಎತ್ತರಿಸಿ ನೋಡಿದ್ದೆ. ಕೈ ಸರಿಯಾಯಿತು, ಕಾಲು ಗಾಳಿಯಲ್ಲಿ ನೇತಾಡಿತು. ತೊಡೆಯ ಹಿಂಭಾಗ ಒತ್ತಿ ಕಾಲು ಮರಗಟ್ಟಿತು. ಎ4 ಬಂಡಲ್ ತುಂಬಿದ ರಟ್ಟಿನ ಡಬ್ಬ ಕಾಲ ಕೆಳಗಿಟ್ಟೆ. ಒಳ್ಳೆಯ ಉಪಾಯವೇ, ಆದರೆ ಸೀಸನ್‌ನಲ್ಲಿ ಪೇಪರ್ ಖಾಲಿಯಾದಂತೆ ಡಬ್ಬ ಕುಸಿಯುತ್ತಿತ್ತು. ಬಾಡಿಗೆ ಟೇಬಲ್ ಇರುವವರಿಗೆ ಈ ದಾರಿಯೇ ಸರಿ. ಡಬ್ಬದ ಬದಲು ಮರದ ಮಣೆ ಮಾಡಿಸಿಕೊಳ್ಳಿ. ನನಗೆ ಮಾತ್ರ ಆಗಾಗ ಎದ್ದು ಪ್ರಿಂಟರ್ ಹತ್ತಿರ ಹೋಗಬೇಕಿತ್ತು. ಪ್ರತಿ ಸಲ ಡಬ್ಬ ಇಳಿ, ಹತ್ತು. ಬೇಸರ ಬಂತು.

ಬಡಗಿಯನ್ನು ಕರೆಸಿದೆ. ಟೇಬಲ್ ನಮ್ಮಪ್ಪನ ಕಾಲದ್ದು, ತೇಗ. ಅವನು ಒಮ್ಮೆ ತಟ್ಟಿ ನೋಡಿ, ‘ಅಣ್ಣಾ, ಇಂಥ ಮರ ಈಗ ಎಲ್ಲೈತೆ? ಇದರ ಕಾಲು ಕೊಯ್ಯೋದಾ? ಬೇರೆ ಮಾಡಿಕೊಡ್ತೀನಿ ಬಿಡು’ ಅಂದ. ಬೇರೆಯದಕ್ಕೆ ಆರೇಳು ಸಾವಿರ ಕೇಳಿದ. ‘ನೀನು ಕೊಯ್ಯಪ್ಪ’ ಅಂದೆ. ಪಕ್ಕದ ಜೆರಾಕ್ಸ್ ಅಂಗಡಿಯವರು, ಎದುರಿನ ಮೊಬೈಲ್ ರಿಪೇರಿ ಹುಡುಗ, ಎಲ್ಲ ಬಂದು ನಿಂತು ನೋಡಿದರು. ಮೊದಲು ಮೂರಿಂಚು ಕೊಯ್ಸಿ ಒಂದು ವಾರ ಕೂತು ನೋಡಿದೆ. ಆಮೇಲೆ ಇನ್ನೊಂದಿಂಚು. ಹೀಗೇ ಮಾಡಿ, ಕೊಯ್ದ ಕಾಲಿಗೆ ಮತ್ತೆ ಬೆಸುಗೆ ಹಾಕಲು ಬರಲ್ಲ. ಎರಡನೇ ಸಲಕ್ಕೆ ಅವನು ಮತ್ತೆ ಕೂಲಿ ಕೇಳಿದ, ಒಟ್ಟು ಐನೂರರ ಒಳಗೆ ಮುಗಿಯಿತು.

ಒಂದು ವಿಷಯ ಯಾರೂ ಹೇಳಲ್ಲ. ಟೇಬಲ್ ಇಳಿದರೆ ಡ್ರಾಯರ್ ಬಂದು ತೊಡೆಗೆ ಬಡಿಯುತ್ತೆ. ನಡುವಿನ ಡ್ರಾಯರ್ ಕಿತ್ತು ಹಾಕಿಸಿದೆ, ಅದನ್ನು ಹಿಡಿದಿದ್ದ ಮುಂದಿನ ಅಡ್ಡಪಟ್ಟಿಯನ್ನೂ ತೆಗೆಸಿದೆ. ಅದಾದ ಮೇಲೆ ಟೇಬಲ್ ಅಲುಗಾಡಲು ಶುರು. ಹಿಂದುಗಡೆ ಎರಡು ಮೂಲೆಗೆ ಕಬ್ಬಿಣದ ಆಂಗಲ್ ಹೊಡೆಸಿದೆ, ನೂರೈವತ್ತು. ಈಗ ಅದರ ಮೇಲೆ ಪೇಪರ್ ಕಟ್ಟರ್ ಇಟ್ಟು ಒತ್ತಿದರೂ ಅಲ್ಲಾಡಲ್ಲ.

ಕುರ್ಚಿಯ ಕಥೆ ಬೇರೆ. ಹಳೇ ಸರ್ಕಾರಿ ಕಚೇರಿಗಳಲ್ಲಿ ಬೆತ್ತ ನೇಯ್ದ ಕುರ್ಚಿ ನೋಡಿದ್ದೀರಲ್ಲ? ಅದರಲ್ಲಿ ಕೂತವರು ಬೆವರುತ್ತಿರಲಿಲ್ಲ. ಗುಜರಿಯಲ್ಲಿ ಯಾವುದೋ ಆಫೀಸು ಬಿಸಾಕಿದ ಗಾಲಿ ಕುರ್ಚಿ ಸಿಕ್ಕಿತು, ಮುನ್ನೂರೈವತ್ತು. ಫೋಮ್ ಕಿತ್ತೊಗೆದು, ಚೌಕಟ್ಟು ಹಾಕಿಸಿ, ಮಂಚಕ್ಕೆ ನೇಯುವ ನವಾರು ಪಟ್ಟಿ ನೇಯಿಸಿದೆ. ನೇಯ್ಗೆ, ಪಟ್ಟಿ, ವೆಲ್ಡಿಂಗ್ ಎಲ್ಲ ಸೇರಿ ಏಳೆಂಟು ನೂರು. ಮೊದಲ ತಿಂಗಳಲ್ಲೇ ನಡುವೆ ತೊಟ್ಟಿಲಿನಂತೆ ಜೋಲು ಬಿತ್ತು. ಬಿಚ್ಚಿಸಿ ಮತ್ತೆ ಬಿಗಿಸಿದೆ. ಆಗಲೂ ಜೋಲು. ಮೂರನೇ ಸಲ ಒಂದು ಉಪಾಯ ಮಾಡಿದೆವು, ಅವತ್ತಿನಿಂದ ಹಲಗೆಯ ಹಾಗೆ ನಿಂತಿದೆ. ಆ ಉಪಾಯ ಏನು, ನೇಯ್ದವರು ಯಾರು, ಹೇಳಲ್ಲ. ಅವರ ಹತ್ತಿರ ಈಗಾಗಲೇ ನನ್ನ ಇನ್ನೊಂದು ಕುರ್ಚಿ ಸರದಿಯಲ್ಲಿದೆ. ಬೆನ್ನಿಗೆ ಜೀನ್ಸ್ ಬಟ್ಟೆಯ ಚೀಲದೊಳಗೆ ಜೀನ್ಸ್ ಚೂರನ್ನೇ ತುಂಬಿದ ಸಣ್ಣ ದಿಂಬು. ನಮ್ಮೂರಲ್ಲಿ ಅದಕ್ಕೇನು ಬರ, ಕೌಲ್ ಬಜಾರ್ ಕಡೆ ಹೋದರೆ ಚೂರು ಮೂಟೆಗಟ್ಟಲೆ ಬಿದ್ದಿರುತ್ತೆ.

ಇನ್ನು ಬೆರಳು. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಡೆಯುವವರಿಗೆ ಮಾತ್ರ ಅರ್ಥವಾಗುವ ಸಂಗತಿ ಇದು. ಅದರಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಚಿನ್ನದಂಥದ್ದು, ನನ್ನ ಹೊಟ್ಟೆ ತುಂಬಿಸಿದ್ದೇ ಅದು. ಆದರೆ ಒತ್ತಕ್ಷರಕ್ಕೆಲ್ಲ ಎಫ್ ಬೇಕು, ಅದು ಎಡಗೈ ತೋರುಬೆರಳು. ದೀರ್ಘ, ಮಹಾಪ್ರಾಣ, ಣ, ಳ, ಶ ಎಲ್ಲಕ್ಕೂ ಶಿಫ್ಟ್. ಬಳ್ಳಾರಿ ಅಂತ ಹೊಡೆದು ನೋಡಿ. ಏಳು ಕೀ, ಅದರಲ್ಲಿ ಮೂರು ಸಲ ಶಿಫ್ಟ್, ಒಂದು ಎಫ್. ಶ್ರೀ ಅಂದರೆ ನಾಲ್ಕು ಕೀ, ಎರಡು ಶಿಫ್ಟ್, ಒಂದು ಎಫ್. ಒಂದು ಲಗ್ನಪತ್ರಿಕೆಯಲ್ಲಿ ಎಷ್ಟು ಶ್ರೀ, ಎಷ್ಟು ಶ್ರೀಮತಿ ಇರುತ್ತವೆ ಲೆಕ್ಕ ಹಾಕಿ. ನಾವು ಬಹಳ ಜನ ಎಲ್ಲಕ್ಕೂ ಎಡಗಡೆಯ ಶಿಫ್ಟನ್ನೇ ಒತ್ತುತ್ತೇವೆ. ದೀರ್ಘಕ್ಕೆ ಎ ಕೀ ಒತ್ತುವಾಗ ಅದೂ ಎಡ ಕಿರುಬೆರಳು, ಶಿಫ್ಟೂ ಎಡ ಕಿರುಬೆರಳು. ಇಡೀ ಕೈ ತಿರುಚಿಕೊಳ್ಳುತ್ತೆ. ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್ ಅಂತ ಮನಸ್ಸು ಮಾಡಿ ಬದಲಿಸಿಕೊಂಡೆ. ಮೊದಲ ಎರಡು ವಾರ ವೇಗ ಅರ್ಧಕ್ಕಿಳಿಯಿತು. ಗಿರಾಕಿಗಳು ‘ಏನ್ ಸಾರ್, ಹೊಸಬರ ಹಾಗೆ ಹೊಡೀತೀರಲ್ಲ’ ಅಂದರು. ತಿಂಗಳಲ್ಲಿ ವಾಪಸ್ ಬಂತು. ಎಡಗೈ ನೋವು ಹೋಗಿದ್ದು ಇದರಿಂದಲೇ.

ಅದಕ್ಕೂ ಮೊದಲು ಒಂದು ಹುಚ್ಚು ಪ್ರಯೋಗ ಮಾಡಿದ್ದೆ. ಜೀನ್ಸ್ ಹೊಲಿಯುವವರು ಕಾಲಲ್ಲಿ ಪೆಡಲ್ ಒತ್ತುವುದನ್ನು ನೋಡಿ, ಶಿಫ್ಟನ್ನೂ ಕಾಲಿಗೆ ಕೊಟ್ಟರೆ ಹೇಗೆ ಅನಿಸಿತು. ಹಳೇ ಯುಎಸ್‌ಬಿ ಕೀಬೋರ್ಡ್ ಒಂದನ್ನು ನೆಲಕ್ಕಿಟ್ಟು, ಬಲ ಶಿಫ್ಟ್ ಬಿಟ್ಟು ಉಳಿದ ಕೀ ಎಲ್ಲ ಕಿತ್ತೆ. ಎರಡೂ ಕೀಬೋರ್ಡ್ ಒಟ್ಟಿಗೆ ಸಿಗಿಸಿದರೆ ಕಾಲಿನ ಶಿಫ್ಟ್ ಕೈಯ ಅಕ್ಷರಕ್ಕೆ ಹತ್ತುತ್ತೆ, ನಿಜವಾಗಿಯೂ ಹತ್ತುತ್ತೆ! ಆದರೆ ಸುಮ್ನೆ ಐದು ಸಲ ಶಿಫ್ಟ್ ಕುಟ್ಟಿದರೆ ಸ್ಟಿಕಿ ಕೀಸ್ ಬೇಕಾ ಅಂತ ವಿಂಡೋಸ್ ಕೇಳುತ್ತೆ. ಕಾಲು ಭಾರ ಬಿಟ್ಟು ಎಂಟು ಸೆಕೆಂಡ್ ಇಟ್ಟರೆ ಫಿಲ್ಟರ್ ಕೀಸ್ ಬೇಕಾ ಅನ್ನುತ್ತೆ. ಕೀಬೋರ್ಡಿನ ಆ ಎರಡೂ ಸವಲತ್ತನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದೆ. ಕೊನೆಗೂ ಕಾಲಿನ ವೇಗ ಕೈಗೆ ಸರಿ ಹೊಂದಲಿಲ್ಲ, ಆದ್ದರಿಂದ ಬಿಟ್ಟೆ. ಆದರೆ ಕೋರೆಲ್‌ನಲ್ಲಿ ಚಿತ್ರ ಎಳೆಯುವಾಗ ಈಗಲೂ ಕಾಲಲ್ಲಿ ಒಂದು ಕೀ ಬಳಸುತ್ತೇನೆ. ಯಾವುದು ಅಂತ ಕೇಳಬೇಡಿ.

ಇನ್ನೊಂದು, ಕೀಬೋರ್ಡಿನ ಬಲಗಡೆ ಇರುವ ಅಂಕಿಗಳ ಭಾಗ ನಮಗೇನಕ್ಕೆ? ಟ್ಯಾಲಿಯಲ್ಲಿ ಲೆಕ್ಕಪತ್ರ ಬರೆಯುವವರಿಗೆ ಬೇಕು. ನಮಗೆ ಅದರಿಂದ ಮೌಸ್ ಒಂದು ಗೇಣು ದೂರ ಹೋಗುತ್ತೆ ಅಷ್ಟೇ. ಆ ಭಾಗ ಇಲ್ಲದ ಕೀಬೋರ್ಡ್ ಸಾವಿರದ ಒಳಗೆ ಸಿಗುತ್ತೆ. ಬಲ ಭುಜದ ನೋವಿಗೆ ಅಂತ ನಾನು ಅಂಗಡಿಯಿಂದ ಕೊಂಡ ಸಾಮಾನುಗಳಲ್ಲಿ ದುಡ್ಡು ವಸೂಲಾಗಿದ್ದು ಇದೊಂದೇ.

ಕತ್ತಿನ ವಿಷಯದಲ್ಲಿ ಎಲ್ಲರೂ ಹೇಳುವುದನ್ನು ಕೇಳಿ ಕೆಟ್ಟೆ. ಮಾನಿಟರ್ ಕಣ್ಣಿನ ಮಟ್ಟಕ್ಕೆ ಏರಿಸು ಅಂತಾರೆ. ಏರಿಸಿದೆ, ಕತ್ತು ಇನ್ನೂ ಜಾಸ್ತಿ ನೋಯಿತು. ಕಾರಣ ನನ್ನ ಬೈಫೋಕಲ್ ಕನ್ನಡಕ. ಕೆಳಗಿನ ತುಂಡಿನಲ್ಲಿ ನೋಡಲು ಗದ್ದ ಎತ್ತಬೇಕು. ಚಾಳೀಸು ಬಂದು ಬೈಫೋಕಲ್ ಹಾಕಿದವರು ಮಾನಿಟರನ್ನು ಇಳಿಸಬೇಕು. ಟೇಬಲ್ ಇಳಿದಾಗ ಅದೂ ತಾನಾಗೇ ಇಳಿಯಿತು. ಆಮೇಲೆ ಕಂಪ್ಯೂಟರಿಗೆಂದೇ ಬೇರೆ ಕನ್ನಡಕ ಮಾಡಿಸಿದೆ. ಓದುವ ಕನ್ನಡಕದ ಪವರ್ ಒಂದೂಕಾಲು ಅಡಿಗೆ, ಪರದೆ ಇರುವುದು ಎರಡಡಿಗೆ. ಕಣ್ಣಿಂದ ಪರದೆಗೆ ಎಷ್ಟು ಅಂತ ಟೇಪಲ್ಲಿ ಅಳೆದು ಬರೆದುಕೊಂಡು ಹೋಗಿ, ಆ ದೂರಕ್ಕೇ ಕೊಡಿ ಅಂತ ಕೇಳಿ. ಸಾವಿರದ ಚಿಲ್ಲರೆ ಆಯಿತು. ಅದಕ್ಕೂ ಮೊದಲು ನೀಲಿ ಬೆಳಕು ತಡೆಯುವ ಗಾಜು ಅಂತ ಹೆಚ್ಚಿಗೆ ದುಡ್ಡು ಕೊಟ್ಟಿದ್ದೆ. ಕಣ್ಣುರಿಗೆ ಅದು ಏನೂ ಮಾಡಲಿಲ್ಲ. ಕಣ್ಣುರಿ ಇಳಿದದ್ದು ಕೂಲರ್ ತಿರುಗಿಸಿದ ಮೇಲೆ. ಗಾಳಿ ನೇರ ಮುಖಕ್ಕೆ ಹೊಡೆದು ಕಣ್ಣು ಒಣಗುತ್ತಿತ್ತು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಈಗ ಗಾಳಿ ಕಾಲಿಗೆ ಬರುತ್ತೆ.

ಕೈಬರಹದ ಹಾಳೆಯನ್ನು ಟೇಬಲ್ ಮೇಲೆ ಮಲಗಿಸಿ ಹೊಡೆಯುವವರು ಎಷ್ಟು ಜನ? ದಿನಕ್ಕೆ ಸಾವಿರಾರು ಸಲ ಕತ್ತು ಬಗ್ಗಿಸಿ ಎತ್ತುತ್ತೀರಿ. ಪರೀಕ್ಷೆಗೆ ಮಕ್ಕಳು ಒಯ್ಯುವ ಕ್ಲಿಪ್ ಪ್ಯಾಡ್, ನಲವತ್ತು ರೂಪಾಯಿ. ಅದನ್ನು ಮಾನಿಟರ್ ಪಕ್ಕ ಅದೇ ಎತ್ತರಕ್ಕೆ ಓರೆಯಾಗಿ ನಿಲ್ಲಿಸಿ. ಇಷ್ಟೇ.

ಪ್ರೂಫ್ ನೋಡಲು ಬರುವ ಗಿರಾಕಿ ಪಕ್ಕದಲ್ಲಿ ಕೂತು, ಒಗ್ಗಾಣಿ ಮಿರ್ಚಿ ತಿಂದ ಕೈಯಲ್ಲೇ ಪರದೆ ಮುಟ್ಟಿ ‘ಇಲ್ಲಿ ಮಾವನ ಹೆಸರು ಮೇಲೆ ಬರಲಿ’ ಅನ್ನುವುದು ಎಲ್ಲರ ಅನುಭವ. ಅವರ ಕಡೆ ಸೊಂಟ ತಿರುಗಿಸಿ ತಿರುಗಿಸಿ ನನ್ನ ಬಲಗಡೆ ಹಿಡಿದುಕೊಂಡಿತ್ತು. ಮೂಲೆಯಲ್ಲಿದ್ದ ಹಳೇ 17 ಇಂಚಿನ ಮಾನಿಟರನ್ನು ಅವರ ಎದುರಿಗಿಟ್ಟು, ಅದೇ ಚಿತ್ರ ಅಲ್ಲೂ ಬರುವಂತೆ ಮಾಡಿದೆ. ಸ್ಪ್ಲಿಟರ್‌ಗೆ ಇನ್ನೂರೈವತ್ತು. ಈಗ ಅವರು ಅವರ ಪರದೆ ಮುಟ್ಟುತ್ತಾರೆ, ನಾನು ನೆಟ್ಟಗೆ ಕೂರುತ್ತೇನೆ. ತಪ್ಪು ಹುಡುಕುವುದೂ ಬೇಗ ಮುಗಿಯುತ್ತೆ.

ಇನ್ನು ಏಳುವುದು. ಕರೆಂಟ್ ಹೋಗಿ ಆಗಾಗ ಏಳಬೇಕಾಗುತ್ತಿದ್ದ ಕಾಲದಲ್ಲಿ ನನಗೆ ಬೆನ್ನು ನೋವೇ ಇರಲಿಲ್ಲ. ಇನ್ವರ್ಟರ್ ಹಾಕಿದ ವರ್ಷವೇ ಶುರುವಾದದ್ದು. ಮೊಬೈಲ್ ಅಲಾರಂ ಇಟ್ಟು ನೋಡಿದೆ, ಮೂರನೇ ದಿನಕ್ಕೆ ಆಫ್. ಈಗ ಪ್ರಿಂಟರನ್ನು ಅಂಗಡಿಯ ಆ ಕೊನೆಗೆ ಒಯ್ದಿಟ್ಟಿದ್ದೇನೆ, ನೀರಿನ ಬಾಟಲಿ ತೆಗೆದು ಸಣ್ಣ ಲೋಟ ಇಟ್ಟುಕೊಂಡಿದ್ದೇನೆ. ಏಳಲೇಬೇಕು.

ಮೊನ್ನೆ ಜೀನ್ಸ್ ಯೂನಿಟ್ಟಿನಲ್ಲಿ ಕಂಪ್ಯೂಟರ್ ಎಂಬ್ರಾಯಿಡರಿ ಡಿಸೈನ್ ಮಾಡುವ ಹುಡುಗನೊಬ್ಬ ಬಡಗಿಯನ್ನೇ ಕರೆದುಕೊಂಡು ಬಂದ. ‘ಅಣ್ಣಾ, ನಂದೂ ನಾಲ್ಕಿಂಚು ಕೊಯ್ಸಿಬಿಡ್ತೀನಿ’ ಅಂದ. ಆಳು ಐದಡಿ ಹತ್ತಿಂಚು. ಕೂರಿಸಿ ಅಳೆದೆ, ಮೊಣಕೈ 28ಕ್ಕೆ ಬಂತು. ‘ನಿನಗೆ ಒಂದಿಂಚು ಸಾಕು, ಹೆಚ್ಚೆಂದರೆ ಒಂದೂವರೆ’ ಅಂದೆ. ಅವನ ಮುಖ ಇಳಿಯಿತು. ಬಡಗಿಯೂ ಸುಮ್ಮನಿರಲಿಲ್ಲ, ‘ಒಂದಿಂಚಾದ್ರೂ ಕೂಲಿ ಅಷ್ಟೇ ನೋಡಪ್ಪ’ ಅಂದ.