ಮನೆಗೊಂದು ಸಿಸಿ ಕ್ಯಾಮೆರಾ: ಕಳ್ಳನ ನೆತ್ತಿ ನೋಡಿ ಏನು ಮಾಡ್ತೀರಿ?

ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಆಗಾಗ ಒಂದು ವಿಡಿಯೊ ಬಂದು ಬೀಳುತ್ತದೆ. ‘ರಾತ್ರಿ ನಮ್ಮ ಗೇಟು ಹಾರಿದವನು ಇವನೇ. ಯಾರಿಗಾದರೂ ಗುರುತು ಸಿಗುತ್ತಾ?’ ಅಂತ ಕೆಳಗೆ ಬರೆದಿರುತ್ತಾರೆ. ತೆರೆದು ನೋಡಿದರೆ ಒಂದು ಟೋಪಿ, ಎರಡು ಭುಜ. ಅದೂ ಮೇಲಿನಿಂದ. ಅವನು ತಲೆ ಎತ್ತಿದಾಗಲಾದರೂ ಮುಖ ಕಾಣಬೇಕಿತ್ತು, ಅಲ್ಲಿ ಬರೀ ಬಿಳಿ ಮಚ್ಚೆ. ಹೆತ್ತವಳಿಗೂ ಗುರುತು ಸಿಗಲಿಕ್ಕಿಲ್ಲ.

ಇದರಲ್ಲಿ ಕ್ಯಾಮೆರಾದ ತಪ್ಪು ಕಡಿಮೆ. ಎರಡು–ಮೂರು ಸಾವಿರ ರೂಪಾಯಿಯ ವೈ-ಫೈ ಕ್ಯಾಮೆರಾಗಳು ಈಗ ಚೆನ್ನಾಗಿಯೇ ಇವೆ. ಅಂಗಡಿಯಲ್ಲಿ ಒಂದು ಗಂಟೆ ಚೌಕಾಸಿ ಮಾಡುವವರು ಗೋಡೆಗೆ ಎಲ್ಲಿ ತೂತು ಕೊರೆಯಬೇಕು ಅಂತ ಐದು ನಿಮಿಷ ಯೋಚಿಸುವುದಿಲ್ಲ. ಹಾಗಾಗಿ ಇಲ್ಲಿ ಕೊಳ್ಳುವ ಮಾತು ಸ್ವಲ್ಪ, ಹಾಕುವ ಮಾತು ಜಾಸ್ತಿ.

1. ಕೊಳ್ಳುವುದು

ಒಂದೇ ಕ್ಯಾಮೆರಾ ಕೊಳ್ಳುವುದಾದರೆ ಮುಂಬಾಗಿಲಿಗೆ ಹಾಕಿ. ಗೇಟಿಗೆ ಬೇಡ. ಗೇಟಿಗೆ ಹಾಕಿದರೆ ದಿನವಿಡೀ ಬೀದಿಯ ಸ್ಕೂಟರು, ನಾಯಿ, ತರಕಾರಿ ಗಾಡಿಯೇ ರೆಕಾರ್ಡ್ ಆಗುತ್ತಿರುತ್ತದೆ.

ಜಗಲಿ, ಪೋರ್ಟಿಕೊ ಅಂದರೆ ಹೊರಗಿನ ಕ್ಯಾಮೆರಾನೇ ಬೇಕು. ಡಬ್ಬಿಯ ಮೇಲೆ ಐಪಿ65 ಅಥವಾ ಐಪಿ66 (ಧೂಳು, ನೀರು ತಡೆಯುವ ಶಕ್ತಿಯ ದರ್ಜೆ) ಅಂತ ಇರಬೇಕು. ಮನೆಯೊಳಗಿಡುವ ಗುಂಡನೆಯ ಕ್ಯಾಮೆರಾ ಅಗ್ಗ ಅಂತ ಅದನ್ನೇ ತಂದು ಹೊರಗೆ ಹಾಕುವವರಿದ್ದಾರೆ. ಮಲೆನಾಡು, ಕರಾವಳಿಯಲ್ಲಿ ಅದು ಒಂದು ಮಳೆಗಾಲ ದಾಟಿದರೆ ಪುಣ್ಯ.

ಬಾಗಿಲಿಗೆ 1080ಪಿ, ಅಂದರೆ 2 ಮೆಗಾಪಿಕ್ಸೆಲ್ ಸಾಕು. ನಾಲ್ಕೈದು ನೂರು ಹೆಚ್ಚು ಕೊಟ್ಟರೆ 3 ಮೆಗಾಪಿಕ್ಸೆಲ್ ಸಿಗುವುದಾದರೆ ತಗೊಳ್ಳಿ. ‘8ಎಕ್ಸ್ ಜೂಮ್’ ಅಂತ ಬರೆದಿದ್ದರೆ ಮಾತ್ರ ಅದಕ್ಕಾಗಿ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಈ ಬೆಲೆಯಲ್ಲಿ ಜೂಮ್ ಅಂದರೆ ಇದ್ದ ಚಿತ್ರವನ್ನೇ ಹಿಗ್ಗಿಸುವುದು.

ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಲೇಬೇಕು: ತಿಂಗಳ ಚಂದಾ ಕಟ್ಟದೆಯೇ ಮೆಮೊರಿ ಕಾರ್ಡಿನಲ್ಲಿರುವ ಹಳೆಯ ವಿಡಿಯೊ ಫೋನಿನಲ್ಲಿ ನೋಡಬಹುದಾ? ‘ನೋಡಬಹುದು’ ಅಂದರೆ ಅಲ್ಲೇ ಡೆಮೊ ಮಾಡಿಸಿ. ತಡವರಿಸಿದರೆ ಬೇರೆ ಮಾಡೆಲ್ ಕೇಳಿ.

ಇನ್ನು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ಗುರುತು. ಅದರ ಜೊತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಯ ಯಾವ ವಸ್ತು ಅಂತ ಗೊತ್ತಾಗುತ್ತದೆ. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳು ಸೈಬರ್ ಭದ್ರತೆಯ ಪರೀಕ್ಷೆಯನ್ನೂ ಪಾಸು ಮಾಡಬೇಕು. ಇದು ಸುಮ್ನೆ ಮಾಡಿದ ನಿಯಮವಲ್ಲ. 2016ರಲ್ಲಿ ‘ಮಿರಾಯ್’ ಎಂಬ ವೈರಸ್ಸು ಇಂಥ ಕ್ಯಾಮೆರಾ, ಅವುಗಳ ವಿಡಿಯೊ ಉಳಿಸಿಡುವ ಡಿವಿಆರ್‌ಗಳಿಗೆ ಕಾರ್ಖಾನೆಯಲ್ಲೇ ಇಟ್ಟಿದ್ದ ಪಾಸ್‌ವರ್ಡ್ ಬಳಸಿ ನುಗ್ಗಿತು. ಹಾಗೆ ವಶವಾದ ಉಪಕರಣಗಳನ್ನು ಆ ಅಕ್ಟೋಬರಿನಲ್ಲಿ ಇಂಟರ್ನೆಟ್ ಸೇವೆಯ ಕಂಪನಿಯೊಂದರ ಮೇಲೆ ಒಟ್ಟಿಗೆ ಛೂ ಬಿಟ್ಟಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಸರಿಯಾಗಿ ತೆರೆಯಲಿಲ್ಲ.

ಬಲ್ಬ್ ಕ್ಯಾಮೆರಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಲ್ಬಿನ ಹೋಲ್ಡರಿಗೆ ಸಿಕ್ಕಿಸಿದರೆ ಆಯ್ತು, ವೈರಿಂಗ್ ಬೇಡ ಅಂತ ಆಸೆ. ಅದರಲ್ಲಿ ಹೆಚ್ಚಿನವು ತಿರುಪಿನವು, ನಮ್ಮ ಮನೆಯ ಹೋಲ್ಡರುಗಳು ಪಿನ್ನಿನವು. ನಡುವೆ ಒಂದು ಅಡಾಪ್ಟರ್ ಬೇಕು, ಅದು ಅಲ್ಲಾಡುತ್ತದೆ. ಹೋಲ್ಡರ್ ಇರುವುದು ಚಾವಣಿಯಲ್ಲಿ, ಮತ್ತೆ ನೆತ್ತಿಯದ್ದೇ ದರ್ಶನ. ಯಾರೋ ಅಭ್ಯಾಸಬಲದಿಂದ ಸ್ವಿಚ್ ಆರಿಸಿದರೆ ಕ್ಯಾಮೆರಾವೂ ಮಲಗುತ್ತದೆ. ಬೇಡ. ಕೆಂಪು ದೀಪ ಮಿಣುಕಿಸುವ ಡಮ್ಮಿ ಕ್ಯಾಮೆರಾವಂತೂ ಬೇಡವೇ ಬೇಡ. ನಿಜವಾದ ಕ್ಯಾಮೆರಾ ಹಾಗೆ ಮಿಣುಕುವುದಿಲ್ಲ ಅಂತ ನಿಮಗಿಂತ ಕಳ್ಳನಿಗೆ ಚೆನ್ನಾಗಿ ಗೊತ್ತು.

ಮೆಮೊರಿ ಕಾರ್ಡಿನಲ್ಲಿ ಜಿಪುಣತನ ಮಾಡಬೇಡಿ. ಕ್ಯಾಮೆರಾ ಹಗಲು ರಾತ್ರಿ ಬರೆಯುತ್ತಲೇ ಇರುತ್ತದೆ, ಫೋನಿನ ಮಾಮೂಲಿ ಕಾರ್ಡು ಅದಕ್ಕೆ ತಾಳುವುದಿಲ್ಲ. ‘ಹೈ ಎಂಡ್ಯುರೆನ್ಸ್’ ಅಂತ ಬರೆದಿರುವ 128 ಜಿಬಿ ಕಾರ್ಡನ್ನೇ ಬಿಲ್ ಸಮೇತ ತಗೊಳ್ಳಿ. ಸೆಕೆಂಡಿಗೆ 1 ಮೆಗಾಬಿಟ್ ಲೆಕ್ಕದಲ್ಲಿ ನಿಲ್ಲಿಸದೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 11 ಜಿಬಿ ಬೇಕು. 2 ಮೆಗಾಬಿಟ್ ಆದರೆ 22. ಅಂದರೆ ಈ ಕಾರ್ಡು ಐದಾರು ದಿನಕ್ಕೋ ಹನ್ನೊಂದು ದಿನಕ್ಕೋ ತುಂಬಿ, ಹಳೆಯದನ್ನು ಅಳಿಸಲು ಶುರು ಮಾಡುತ್ತದೆ.

2. ಜಾಗ ಗೊತ್ತು ಮಾಡುವುದು

ಎಲ್ಲರೂ ಎಡವುವುದು ಇಲ್ಲಿಯೇ.

ಮೊದಲು ಎತ್ತರ. ಹಾಕಲು ಬಂದವರು ಏಣಿ ಇಟ್ಟು ತಾರಸಿಯ ಅಂಚಿಗೆ, ಹತ್ತು ಹನ್ನೆರಡು ಅಡಿ ಮೇಲೆ ಕ್ಯಾಮೆರಾ ಕೂರಿಸಿ ಹೋಗುತ್ತಾರೆ. ‘ಪೂರ್ತಿ ಕಾಂಪೌಂಡ್ ಕವರ್ ಆಗುತ್ತೆ ಸಾರ್’ ಅನ್ನುತ್ತಾರೆ. ಆಗುತ್ತದೆ, ನಿಜ. ಆದರೆ ಟೋಪಿ ಹಾಕಿದವನ ಮುಖ ಅಷ್ಟು ಮೇಲಿನಿಂದ ಎಂದೂ ಕಾಣುವುದಿಲ್ಲ. ನಮ್ಮ ಮನೆಗಳಲ್ಲಿ ಬಾಗಿಲ ಚೌಕಟ್ಟಿನ ಮೇಲಂಚು ಸಾಮಾನ್ಯವಾಗಿ 7 ಅಡಿಗೆ ಬರುತ್ತದೆ. ಅಲ್ಲಿಂದ ಒಂದು ಅಡಿ ಮೇಲೆ, ಅದಕ್ಕಿಂತ ಮೇಲೆ ಹೋಗಬೇಡಿ. ‘ಕೈಗೆ ಸಿಕ್ಕರೆ ಕಿತ್ತುಕೊಂಡು ಹೋಗುತ್ತಾನಲ್ಲ?’ ಅಂತ ಕೇಳಬಹುದು. ಕಿತ್ತುಕೊಂಡರೆ ಕಾರ್ಡೂ ಅವನ ಜೊತೆಗೇ ಹೋಗುತ್ತದೆ, ಆ ಭಯ ಸರಿಯೇ. ಅದಕ್ಕೆ ಪರಿಹಾರ ಕ್ಯಾಮೆರಾವನ್ನು ಆಕಾಶಕ್ಕೆ ಏರಿಸುವುದಲ್ಲ. ಸಾವಿರದೈನೂರರ ಇನ್ನೊಂದು ಕ್ಯಾಮೆರಾವನ್ನು ನಡುಮನೆಯೊಳಗೆ, ಬಾಗಿಲನ್ನು ನೋಡುವಂತೆ ಇಡಿ.

ಎರಡನೆಯದು ದೂರ. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಹೆಚ್ಚಾಗಿ 2.8 ಅಥವಾ 4 ಮಿ.ಮೀ. ಲೆನ್ಸ್ ಇರುತ್ತದೆ. 2.8 ತುಂಬ ಅಗಲಕ್ಕೆ ನೋಡುತ್ತದೆ. ಹಾಗಾಗಿ ಪ್ರತಿಯೊಬ್ಬನ ಪಾಲಿಗೆ ಸಿಗುವ ಪಿಕ್ಸೆಲ್ (ಚಿತ್ರದ ಚುಕ್ಕೆ) ಕಡಿಮೆ. ಅಪರಿಚಿತನ ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅನ್ನುವುದು ಸಿಸಿಟಿವಿ ಕ್ಷೇತ್ರದವರ ಲೆಕ್ಕ. ಆ ಪ್ರಕಾರ 1080ಪಿ, 2.8 ಮಿ.ಮೀ. ಕ್ಯಾಮೆರಾದಲ್ಲಿ ಮುಖ ಸ್ಪಷ್ಟವಾಗುವುದು ಸುಮಾರು 10 ಅಡಿಯೊಳಗೆ. ಇಪ್ಪತ್ತು ಅಡಿಯಲ್ಲಿ ಪರಿಚಯದವರಾದರೆ ‘ಇವನು ಇಂಥವನು’ ಅನ್ನಬಹುದು. ಅದರಾಚೆ ಯಾರೋ ಒಬ್ಬ ಬಂದ, ಅಷ್ಟೇ. ಆದ್ದರಿಂದ ಮೆಟ್ಟಿಲು ಹತ್ತಿ ಬೆಲ್ ಒತ್ತುವ ಜಾಗ ಕ್ಯಾಮೆರಾದಿಂದ ಆರರಿಂದ ಹತ್ತು ಅಡಿಯೊಳಗಿರಲಿ. ಬೆಲ್ ಇರುವ ಬದಿಗೇ ಹಾಕಿದರೆ ಇನ್ನೂ ಒಳ್ಳೆಯದು. ಬಂದವರು ಬೆಲ್ ಕಡೆ ತಿರುಗಿ ನೋಡಿಯೇ ನೋಡುತ್ತಾರೆ.

ಮೂರನೆಯದು ಸೂರ್ಯ. ವಾಸ್ತು ನೋಡಿ ಪೂರ್ವಕ್ಕೆ ಬಾಗಿಲಿಟ್ಟವರು ಕೇಳಿ. ಬಾಗಿಲ ಮೇಲಿಂದ ನೇರ ಹೊರಗೆ ನೋಡುವ ಕ್ಯಾಮೆರಾಕ್ಕೆ ಬೆಳಗಿನ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಹಾಲು, ಪೇಪರು ತಂದವರೆಲ್ಲ ಕಪ್ಪು ನೆರಳು. ಕ್ಯಾಮೆರಾವನ್ನು ಉತ್ತರ ಅಥವಾ ದಕ್ಷಿಣದ ಗೋಡೆ, ಕಂಬಕ್ಕೆ ಹಾಕಿ ಬಾಗಿಲನ್ನು ಓರೆಯಾಗಿ ನೋಡಿಸಿ. ಚಿತ್ರದಲ್ಲಿ ಆಕಾಶ ಆದಷ್ಟು ಕಡಿಮೆ ಇರಬೇಕು. ಸೆಟ್ಟಿಂಗಿನಲ್ಲಿ ಡಬ್ಲ್ಯುಡಿಆರ್ (ಬಿಸಿಲು, ನೆರಳು ಎರಡನ್ನೂ ಸರಿದೂಗಿಸುವ ಸೌಲಭ್ಯ) ಇದ್ದರೆ ಆನ್ ಮಾಡಿ, ಸ್ವಲ್ಪ ಸಹಾಯವಾಗುತ್ತದೆ. ಪವಾಡ ಆಗುವುದಿಲ್ಲ.

ನಾಲ್ಕನೆಯದು ರಾತ್ರಿ. ಮುಖವನ್ನು ಬಿಳಿ ಮಚ್ಚೆ ಮಾಡುವುದು ಇದು. ಕತ್ತಲಾದ ಮೇಲೆ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಬಂದದ್ದನ್ನು ನೋಡುತ್ತದೆ. ಪಕ್ಕದಲ್ಲೇ ಸುಣ್ಣ ಬಳಿದ ಗೋಡೆಯೋ ಸಜ್ಜಾದ ಅಡಿಭಾಗವೋ ಇದ್ದರೆ ಬೆಳಕೆಲ್ಲ ಅದಕ್ಕೇ ಬಡಿದು ಮರಳುತ್ತದೆ. ‘ಅಬ್ಬಾ, ಜಾಸ್ತಿ ಬೆಳಕು’ ಅಂತ ಕ್ಯಾಮೆರಾ ಚಿತ್ರವನ್ನು ಮಬ್ಬು ಮಾಡುತ್ತದೆ. ದೂರದವನು ಕತ್ತಲಲ್ಲಿ ಕರಗುತ್ತಾನೆ. ಇದಕ್ಕೆ ತದ್ವಿರುದ್ಧವಾಗಿ ಅವನು ಒಮ್ಮೆಲೇ ಎದುರಿಗೆ ಬಂದರೆ ಮುಖವೆಲ್ಲ ಬಿಳಿ. ಚಿತ್ರದ ಯಾವ ಮೂಲೆಯಲ್ಲೂ ಹತ್ತಿರದ ಗೋಡೆ ಇರದಂತೆ ಕ್ಯಾಮೆರಾ ತಿರುಗಿಸಿ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಗಾಜೇ ಕನ್ನಡಿಯಾಗಿ ಅದರ ಬೆಳಕು ಅದಕ್ಕೇ ಹೊಡೆಯುತ್ತದೆ, ಅದನ್ನು ಮಾಡಲೇಬೇಡಿ. ಹಬ್ಬಕ್ಕೆ ಕಟ್ಟಿದ ತೋರಣ, ಒಣಗಲು ಹಾಕಿದ ಪಂಚೆ, ಬಾಳೆ ಎಲೆ, ಇವೂ ಎದುರಿಗೆ ಬರಬಾರದು. ಗಾಳಿಗೆ ಅಲ್ಲಾಡಿದಾಗಲೆಲ್ಲ ಫೋನ್ ಬಡಿದುಕೊಳ್ಳುತ್ತದೆ.

ನನ್ನ ಸಲಹೆ ಕೇಳಿದರೆ ಇನ್‌ಫ್ರಾರೆಡ್ಡನ್ನೇ ನಂಬಬೇಡಿ. ಜಗಲಿಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ರಾತ್ರಿಯೆಲ್ಲ ಉರಿಯಲಿ. ದಿನಕ್ಕೆ 12 ಗಂಟೆ ಅಂದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ. ಅಂಗಿಯ ಬಣ್ಣ ಸಮೇತ ಚಿತ್ರ ಸಿಗುತ್ತದೆ. ಬಲ್ಬು ಕ್ಯಾಮೆರಾದ ಎದುರಿಗಿರದೆ ಅದರ ಹಿಂದೆ ಅಥವಾ ಮೇಲೆ ಇರಬೇಕು.

ಡ್ರಿಲ್ ಇನ್ನೂ ಕೈಗೆತ್ತಿಕೊಳ್ಳಬೇಡಿ. ಕ್ಯಾಮೆರಾವನ್ನು ಫೋನಿಗೆ ಜೋಡಿಸಿ (ಅದನ್ನು ಮುಂದೆ ಹೇಳಿದ್ದೇನೆ), ಒಂದು ಕೋಲಿಗೋ ಏಣಿಗೋ ಬಿಗಿದು ನೀವು ಆರಿಸಿದ ಜಾಗದಲ್ಲಿ ನಿಲ್ಲಿಸಿ. ರಾತ್ರಿ ಹತ್ತಕ್ಕೆ ಮನೆಯವರೊಬ್ಬರಿಗೆ ಟೋಪಿ ಹಾಕಿಸಿ ಗೇಟಿನಿಂದ ಬಾಗಿಲವರೆಗೆ ಬೇಗ ಬೇಗ ನಡೆಸಿ. ಲೈವ್ ನೋಡಬೇಡಿ. ರೆಕಾರ್ಡ್ ಆದದ್ದನ್ನು ತೆರೆದು, ನಿಲ್ಲಿಸಿ ನೋಡಿ. ನಿಮ್ಮ ಮನೆಯವರನ್ನು ನೀವು ಹೇಗೂ ಗುರುತಿಸುತ್ತೀರಿ. ಆ ಚಿತ್ರವನ್ನು ಎದುರು ಮನೆಯವರಿಗೆ ತೋರಿಸಿ. ಅವರು ಹೆಸರು ಹೇಳಿದರೆ ತೂತು ಕೊರೆಯಿರಿ. ಇಲ್ಲದಿದ್ದರೆ ಜಾಗ ಬದಲಿಸಿ.

3. ಗೋಡೆಗೆ ಹಾಕುವುದು

ತೂತು, ಪ್ಲಗ್, ಸ್ಕ್ರೂ ಯಾರಿಗಾದರೂ ಬರುತ್ತದೆ. ಒಂದೇ ಎಚ್ಚರಿಕೆ: ವೈರು ಗೋಡೆಯೊಳಗೆ ಹೋಗುವ ಮುಂಚೆ ಕೆಳಗೆ ಇಳಿದು ಮತ್ತೆ ಮೇಲೆ ಬರಲಿ. ಮಳೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಅಡಾಪ್ಟರ್ ಮತ್ತು ವೈರಿನ ಜೋಡಣೆ ಮನೆಯೊಳಗಿರಲಿ. ಹೊರಗೇ ಬಿಡಬೇಕಾಗಿ ಬಂದರೆ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ಹಾಕಿ. ಕವರ್ ಸುತ್ತಿ ದಾರ ಕಟ್ಟುವುದು ಪರಿಹಾರವಲ್ಲ.

4. ಫೋನಿಗೆ ಜೋಡಿಸುವುದು

‘ಕ್ಯಾಮೆರಾ ಕೆಟ್ಟಿದೆ’ ಅಂತ ವಾಪಸ್ ಕೊಡುವವರಲ್ಲಿ ಬಹಳಷ್ಟು ಮಂದಿ ಸಿಕ್ಕಿಕೊಳ್ಳುವುದು ವೈ-ಫೈನಲ್ಲಿ. ಈ ಬೆಲೆಯ ಕ್ಯಾಮೆರಾಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ತರಂಗದಲ್ಲಿ ಮಾತ್ರ ಕೆಲಸ ಮಾಡುತ್ತವೆ. ನಿಮ್ಮ ಫೈಬರ್ ರೌಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಫೋನು 5ರಲ್ಲಿ ಕೂತಿರುತ್ತದೆ, ಕ್ಯಾಮೆರಾ ತಡಕಾಡುತ್ತಿರುತ್ತದೆ. ರೌಟರಿನ ಸೆಟ್ಟಿಂಗಿಗೆ ಹೋಗಿ ಎರಡಕ್ಕೂ ಬೇರೆ ಹೆಸರು ಕೊಡಿ. ಅದಕ್ಕಿಂತ ಸುಲಭ, 2.4ರಲ್ಲಿ ಅತಿಥಿಗಳಿಗೆಂದು ಬೇರೆಯಾಗಿ ಇರುವ ಒಂದು ಗೆಸ್ಟ್ ನೆಟ್‌ವರ್ಕ್ ತೆರೆದು ಕ್ಯಾಮೆರಾವನ್ನು ಅದಕ್ಕೇ ಬಿಡಿ. ನಿಮ್ಮ ಲ್ಯಾಪ್‌ಟಾಪಿನ ಜೊತೆ ಅದಕ್ಕೇನು ಕೆಲಸ?

ಮೊದಲ ಜೋಡಣೆ ರೌಟರಿನ ಪಕ್ಕದಲ್ಲೇ ಕೂತು ಮಾಡಿ. ಫೋನಿನ ಮೊಬೈಲ್ ಡೇಟಾ ಆರಿಸಿ, ಲೊಕೇಶನ್ ಆನ್ ಮಾಡಿ. ಲೆನ್ಸಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಿ. ಫೋನಿನಲ್ಲಿ ಬರುವ ಕ್ಯೂಆರ್ ಕೋಡನ್ನು ಕ್ಯಾಮೆರಾಕ್ಕೆ ತೋರಿಸುವಾಗ ಪರದೆಯ ಬೆಳಕು ಪೂರ್ತಿ ಇರಲಿ. ಇಷ್ಟಾದರೂ ಜೋಡಿಯಾಗದಿದ್ದರೆ ರೀಸೆಟ್ ಗುಂಡಿ ಒತ್ತಿ ಮತ್ತೆ ಮೊದಲಿಂದ ಮಾಡಿ.

ಖಾತೆ ನಿಮ್ಮ ಇ-ಮೇಲ್‌ನಲ್ಲೇ ತೆರೆಯಿರಿ. ಹಾಕಲು ಬಂದ ಹುಡುಗ ತನ್ನ ಫೋನಿನಲ್ಲೇ ತೆರೆದು, ನಿಮಗೆ ‘ಶೇರ್’ ಮಾಡಿ ಹೋದರೆ ನಿಮ್ಮ ಮನೆಯ ಯಜಮಾನ ಅವನೇ. ಬೇರೆ ಊರಲ್ಲಿರುವ ಮಗ, ಮಗಳಿಗೂ ಪಾಸ್‌ವರ್ಡ್ ಹೇಳಬೇಡಿ, ಶೇರ್ ಮಾಡಿ. ಎರಡು ಹಂತದ ಪರಿಶೀಲನೆ ಇದ್ದರೆ ಹಾಕಿ. ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರಿನ ಅಪ್‌ಡೇಟ್ ಅವತ್ತೇ ಮುಗಿಸಿ.

ಮುಂದೆ ರೌಟರ್ ಬದಲಿಸಿದರೆ ಹೊಸದಕ್ಕೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಡಿ. ಕ್ಯಾಮೆರಾ ತಾನಾಗಿಯೇ ಸೇರಿಕೊಳ್ಳುತ್ತದೆ, ಮತ್ತೆ ಏಣಿ ಹತ್ತುವ ಕೆಲಸ ಇಲ್ಲ.

5. ಉಳಿದದ್ದು

ಅಲರ್ಟ್‌ನಲ್ಲಿ ‘ಮನುಷ್ಯರು ಮಾತ್ರ’ ಅನ್ನುವುದನ್ನು ಆರಿಸಿ, ಆ್ಯಪ್‌ನ ಚಿತ್ರದಲ್ಲಿ ಬಾಗಿಲ ಸುತ್ತ ಮಾತ್ರ ಗೆರೆ ಎಳೆಯಿರಿ. ಇಲ್ಲದಿದ್ದರೆ ಬೆಕ್ಕು, ಹಲ್ಲಿ, ಜೇಡಗಳ ಕಾಟಕ್ಕೆ ವಾರದೊಳಗೆ ನೀವೇ ಅಲರ್ಟ್ ಆಫ್ ಮಾಡುತ್ತೀರಿ.

ಕರೆಂಟು ಹೋದರೆ ಕ್ಯಾಮೆರಾ, ರೌಟರ್ ಎರಡೂ ಸಾಯುತ್ತವೆ. ಇನ್ವರ್ಟರ್ ಇದ್ದರೆ ಎರಡನ್ನೂ ಅದರ ಲೈನಿಗೆ ಹಾಕಿಸಿ. ಇಲ್ಲದಿದ್ದರೆ ರೌಟರಿಗೆ ಹಾಕುವ ಮಿನಿ ಯುಪಿಎಸ್ ಸಾಕು. ಆದರೆ ಅದು ಹೆಚ್ಚಾಗಿ 12 ವೋಲ್ಟಿನದು, ಕ್ಯಾಮೆರಾ 5 ಅಥವಾ 9 ವೋಲ್ಟಿನದು ಇರಬಹುದು. ಪಿನ್ ಕೂತಿತು ಅಂತ ಚುಚ್ಚಿದರೆ ಸುಟ್ಟೇ ಹೋಗುತ್ತದೆ, ಅಡಾಪ್ಟರಿನ ಮೇಲೆ ಓದಿ ನೋಡಿ.

ಅಡಿಕೆ ತೋಟಕ್ಕೆ ಸಿಮ್ ಹಾಕುವ 4ಜಿ ಕ್ಯಾಮೆರಾ ತರುವವರು ಡೇಟಾ ಲೆಕ್ಕ ಹಾಕಿ. 1 ಮೆಗಾಬಿಟ್‌ನಲ್ಲಿ ಒಂದು ಗಂಟೆ ಲೈವ್ ನೋಡಿದರೆ 450 ಎಂಬಿ ಖಾಲಿ.

ಪಕ್ಕದ ಮನೆಯ ಕಿಟಕಿ, ಬಚ್ಚಲ ಕಡೆ ಕ್ಯಾಮೆರಾ ತಿರುಗಿರಬಾರದು. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್, ಐಟಿ ಕಾಯ್ದೆಯ 66ಇ ಎರಡೂ ಖಾಸಗಿತನಕ್ಕೆ ಕೈ ಹಾಕಿದವರ ಮೇಲೆ ಬೀಳುತ್ತವೆ. ಮನೆಯೊಳಗೆ ಕ್ಯಾಮೆರಾ ಇದ್ದರೆ ಕೆಲಸಕ್ಕೆ ಬರುವವರಿಗೂ ಹೇಳಿಬಿಡಿ.

ತಿಂಗಳಿಗೊಮ್ಮೆ ಲೆನ್ಸ್ ಒರೆಸಿ, ಜೇಡರ ಬಲೆ ತೆಗೆಯಿರಿ. ಹಿಂದಿನ ರಾತ್ರಿಯ ವಿಡಿಯೊ ತೆರೆದು ಕಾರ್ಡು ಬರೆಯುತ್ತಿದೆಯಾ, ಅದರ ಮೇಲಿನ ಗಂಟೆ ಸರಿ ಇದೆಯಾ ನೋಡಿ.

ಅಕಸ್ಮಾತ್ ಏನಾದರೂ ಆದರೆ ಅಳುವ, ಫೋನ್ ಮಾಡುವ ಗಡಿಬಿಡಿಯಲ್ಲಿ ಕಾರ್ಡನ್ನು ಮರೆಯಬೇಡಿ. ಬೇಕಾದ ತುಣುಕನ್ನು ಮೊದಲು ಆ್ಯಪ್‌ನಿಂದ ಇಳಿಸಿಕೊಳ್ಳಿ. ಆಮೇಲೆ ಕ್ಯಾಮೆರಾ ಆಫ್ ಮಾಡಿ, ಕಾರ್ಡ್ ತೆಗೆದು ಎತ್ತಿಟ್ಟು, ಬೇರೆ ಕಾರ್ಡ್ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿ ಮಸುಕಾದ ವಿಡಿಯೊ ಸಾಕ್ಷ್ಯಕ್ಕೆ ಅಷ್ಟಾಗಿ ಬರುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರವೂ ಬೇಕು. ಅದನ್ನು ಹೇಗೆ ಕೊಡಬೇಕು ಅಂತ ಠಾಣೆಯಲ್ಲಿ ಕೇಳಿ, ಮೂಲ ಕಾರ್ಡನ್ನು ಕೊಡುವಾಗ ರಸೀದಿ ತಗೊಳ್ಳಿ.