ಮಳೆಗಾಲಕ್ಕೆ ಮುನ್ನ ಸೋಲಾರ್ ಬ್ಯಾಟರಿಯ ಪರೀಕ್ಷೆ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಸುತ್ತಲಿನ ಒಂಟಿ ಮನೆಗಳಲ್ಲಿ ಮರ ಬಿದ್ದು ತಂತಿ ತುಂಡಾಗಿ ಕರೆಂಟು ಹೋಗುತ್ತದೆ, ಅದೇ ದಿನಗಳಲ್ಲಿ ಬಿಸಿಲೂ ಇರುವುದಿಲ್ಲ. ಬ್ಯಾಟರಿಯ ಮೇಲೆ ಹೊರೆ ಹೆಚ್ಚುವುದೂ ಅದಕ್ಕೆ ಚಾರ್ಜ್ ಸಿಗದಿರುವುದೂ ಒಟ್ಟಿಗೇ ಆಗುವುದರಿಂದ, ನಮ್ಮ ಭಾಗದಲ್ಲಿ ಸೀಲ್ಡ್ (ಮುಚ್ಚಳ ತೆರೆದು ನೀರು ಹಾಕಲಾಗದ) ಬ್ಯಾಟರಿಗಳಿಗೆ ವಯಸ್ಸಿಗಿಂತ ಅರೆಹೊಟ್ಟೆಯೇ ದೊಡ್ಡ ಶತ್ರು. ಸೀಸ ಮತ್ತು ಆಮ್ಲದ ಬ್ಯಾಟರಿಯು ಅರೆಬರೆ ಚಾರ್ಜಿನಲ್ಲಿ ವಾರಗಟ್ಟಲೆ ಉಳಿದರೆ ಅದರ ಫಲಕಗಳ ಮೇಲಿನ ಸಲ್ಫೇಟ್ ಗಟ್ಟಿ ಹರಳುಗಳಾಗುತ್ತದೆ; ಅನಂತರ ಎಷ್ಟು ಹೊತ್ತು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಮೇಂಟೆನೆನ್ಸ್ ಫ್ರೀ ಎಂಬ ಚೀಟಿಯ ಅರ್ಥ ನೀರು ಹಾಕಬೇಕಿಲ್ಲ ಎಂಬುದಷ್ಟೇ. ಪರೀಕ್ಷೆಯಂತೂ ಬೇಕೇ ಬೇಕು, ಅದನ್ನು ಇನ್ನೂ ಬಿಸಿಲಿರುವ ಮೇ ತಿಂಗಳಲ್ಲೇ ಮಾಡಿ ಮುಗಿಸುವುದು ಕ್ಷೇಮ.

ಮೊದಲಿಗೆ ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿದ ಸ್ಪ್ಯಾನರ್ ಇಟ್ಟುಕೊಳ್ಳಿ. ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಡಿ. ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಲೋಹ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ತಂತಿ ಬಿಚ್ಚುವಾಗ ಪ್ಯಾನಲ್‌ನಿಂದ ಬರುವ ಸಂಪರ್ಕವನ್ನು ಮೊದಲು ತಪ್ಪಿಸಿ, ಆಮೇಲೆ ಬ್ಯಾಟರಿಯನ್ನು ಮುಟ್ಟಬೇಕು. ಮತ್ತೆ ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನಲ್ ಕೊನೆಗೆ. ಈ ಕ್ರಮ ತಪ್ಪಿದರೆ ಬ್ಯಾಟರಿಯ ಆಸರೆಯಿಲ್ಲದೆ ಪ್ಯಾನಲ್‌ನ ಹೆಚ್ಚಿನ ವೋಲ್ಟೇಜು ನೇರವಾಗಿ, ಬ್ಯಾಟರಿಗೆ ಹೋಗುವ ಚಾರ್ಜನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್‌ಗೆ ನುಗ್ಗಿ ಅದು ಸುಟ್ಟುಹೋಗಬಹುದು.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಎಲ್ಲ ಸಂಪರ್ಕಗಳನ್ನೂ ತಪ್ಪಿಸಿ, ಒಂದು ರಾತ್ರಿ ಹಾಗೆಯೇ ಬಿಡಿ. ಚಾರ್ಜ್ ನಿಲ್ಲಿಸಿದ ಕೂಡಲೇ ಅಳೆದರೆ ಮೇಲುಮೇಲಿನ ವೋಲ್ಟೇಜು ಕಾಣಿಸಿ ಮೋಸವಾಗುತ್ತದೆ. ಬೆಳಿಗ್ಗೆ ಅಳೆದಾಗ 12 ವೋಲ್ಟಿನ ಬ್ಯಾಟರಿಯು 12.8ರ ಆಸುಪಾಸಿನಲ್ಲಿದ್ದರೆ ಅದು ತುಂಬಿದೆ ಎಂದೂ, 12.2ರ ಬಳಿ ಇದ್ದರೆ ಅರ್ಧ ಖಾಲಿ ಎಂದೂ ಸ್ಥೂಲವಾಗಿ ಹೇಳಬಹುದು. ಎರಡು ಬ್ಯಾಟರಿ ಸೇರಿಸಿದ 24 ವೋಲ್ಟಿನ ವ್ಯವಸ್ಥೆಯಲ್ಲಿ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಅಳೆಯಬೇಕು, ಏಕೆಂದರೆ ಒಟ್ಟು ವೋಲ್ಟೇಜು ಸರಿಯಾಗಿಯೇ ಕಂಡರೂ ಒಂದು ಸೋತು ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತಿರಬಹುದು.

ಇಲ್ಲಿಗೇ ಪರೀಕ್ಷೆ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಆದರೆ ಇರುವ ಜಾಗವೆಷ್ಟು ತುಂಬಿದೆ ಎಂಬುದನ್ನು ವೋಲ್ಟೇಜು ತಿಳಿಸುತ್ತದೆಯೇ ಹೊರತು ಆ ಜಾಗವೇ ಎಷ್ಟು ಕುಗ್ಗಿದೆ ಎಂಬುದನ್ನಲ್ಲ; ಅರ್ಧ ಸಾಮರ್ಥ್ಯ ಕಳೆದುಕೊಂಡ ಬ್ಯಾಟರಿಯೂ ಬೆಳಿಗ್ಗೆ 12.8 ತೋರಿಸಬಲ್ಲದು. ಸೀಲ್ಡ್ ಬ್ಯಾಟರಿಯಲ್ಲಿ ಹೈಡ್ರೋಮೀಟರ್ ಇಳಿಸಿ ಆಮ್ಲದ ಸಾಂದ್ರತೆ ನೋಡುವ ಅವಕಾಶವಿಲ್ಲವಾದ್ದರಿಂದ ಮನೆಯಲ್ಲಿ ನಂಬಬಹುದಾದ ದಾರಿ ಲೋಡ್ ಪರೀಕ್ಷೆ. ಹತ್ತು ಗಂಟೆಯ ದರದಲ್ಲಿ 100 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಗಳಿಂದ ಗುಣಿಸಿ ಹೇಳುವ ಸಾಮರ್ಥ್ಯ) ಎಂದು ನಮೂದಿಸಿರುವ ಹೊಸ ಬ್ಯಾಟರಿಯು 10 ಆಂಪಿಯರ್ ಕೊಡುತ್ತ 10.8 ವೋಲ್ಟಿಗೆ ಇಳಿಯಲು ಸುಮಾರು ಹತ್ತು ಗಂಟೆ ಹಿಡಿಯಬೇಕು. ಇನ್‌ವರ್ಟರ್ ಮೂಲಕ 100 ವ್ಯಾಟಿನ ಹಳೆಯ ಕಾಲದ ಬಲ್ಬೊಂದನ್ನು ಉರಿಸಿದರೆ, ಇನ್‌ವರ್ಟರಿನ ನಷ್ಟವೂ ಸೇರಿ, ಬ್ಯಾಟರಿಯಿಂದ ಹೆಚ್ಚುಕಡಿಮೆ ಅಷ್ಟೇ ಆಂಪಿಯರ್ ಹೋಗುತ್ತದೆ. ಪ್ಯಾನಲ್ ಮತ್ತು ಮನೆಯ ಕರೆಂಟಿನ ಚಾರ್ಜು ಎರಡನ್ನೂ ನಿಲ್ಲಿಸಿ, ಬಲ್ಬು ಹಚ್ಚಿ, ಗಂಟೆಗೊಮ್ಮೆ ಟರ್ಮಿನಲ್ ಮೇಲಿನ ವೋಲ್ಟೇಜನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಪ್ರತಿ ವರ್ಷವೂ ಬ್ಯಾಟರಿಯನ್ನು ಪೂರ್ತಿ ಬಸಿಯುವ ಅಗತ್ಯವಿಲ್ಲ. ಐದು ಗಂಟೆಗೆ ನಿಲ್ಲಿಸಿದರೆ ಸಾಕು. ಆ ಹೊತ್ತಿಗೆ ಬಲ್ಬು ಉರಿಯುತ್ತಿರುವಾಗಲೇ 12ರ ಸಮೀಪವಿದ್ದರೆ ಬ್ಯಾಟರಿ ಗಟ್ಟಿಯಾಗಿದೆ. 11.5ಕ್ಕಿಂತ ಕೆಳಗಿಳಿದಿದ್ದರೆ ಸಾಮರ್ಥ್ಯ ಬಹಳಷ್ಟು ಕುಗ್ಗಿದೆ. ಪೂರ್ತಿ ಪರೀಕ್ಷೆ ಮಾಡಿದವರಿಗೆ ಎಂಟು ಗಂಟೆಗಿಂತ ಕಡಿಮೆ ಸಿಕ್ಕಿದರೆ, ಅಂದರೆ ಸಾಮರ್ಥ್ಯ ಶೇ 80ಕ್ಕಿಂತ ಕೆಳಗಿಳಿದಿದ್ದರೆ, ಬದಲಾಯಿಸುವ ಕಾಲ ಬಂದಿದೆ ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಅಳತೆ. ಪರೀಕ್ಷೆ ಮುಗಿದ ತಕ್ಷಣ ಮತ್ತೆ ಚಾರ್ಜಿಗೆ ಹಾಕುವುದನ್ನು ಮರೆಯಬಾರದು.

ಇನ್ನು ಚಾರ್ಜ್ ಕಂಟ್ರೋಲರ್. ಅದರಲ್ಲಿ ಬ್ಯಾಟರಿಯ ಬಗೆಯನ್ನು ಆರಿಸುವ ವ್ಯವಸ್ಥೆಯಿದ್ದರೆ ಸೀಲ್ಡ್ ಅಥವಾ ಜೆಲ್ ಎಂದೇ ಇರಬೇಕು. ನೀರು ಹಾಕುವ ಟ್ಯೂಬುಲರ್ ಬ್ಯಾಟರಿಗೆ ಹೊಂದಿಸಿದ್ದರೆ ಆಗಾಗ 15 ವೋಲ್ಟಿನ ಸಮೀಪದ ಚಾರ್ಜು ನುಗ್ಗಿ, ಒಳಗಿನ ತೇವಾಂಶ ಅನಿಲವಾಗಿ ಕವಾಟದ ಮೂಲಕ ಹೊರಹೋಗುತ್ತದೆ. ಅದನ್ನು ಮತ್ತೆ ತುಂಬಲು ಬರುವುದಿಲ್ಲ. ಸಾಮಾನ್ಯವಾಗಿ ಸೀಲ್ಡ್ ಬ್ಯಾಟರಿಗೆ ತುಂಬುವಾಗ 14.1ರಿಂದ 14.4, ತುಂಬಿದ ಮೇಲೆ 13.5ರಿಂದ 13.8 ವೋಲ್ಟು ಸರಿಯಾದುದು. ಬ್ಯಾಟರಿಯ ಮೈಮೇಲೆ ಬೇರೆ ಅಂಕಿ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ.

ಮಳೆ ಬಿಡದ ವಾರಗಳಲ್ಲಿ ಕರೆಂಟು ಬಂದ ಹೊತ್ತನ್ನು ವ್ಯರ್ಥ ಮಾಡದೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿ. ಪೂರ್ತಿ ಎಂದರೆ ಚಾರ್ಜಿನ ವೋಲ್ಟೇಜು ಮೇಲೆಯೇ ನಿಂತು, 100 ಆಂಪಿಯರ್ ಅವರ್ ಬ್ಯಾಟರಿಗೆ ಹೋಗುವ ವಿದ್ಯುತ್ತು ಒಂದೆರಡು ಆಂಪಿಯರಿಗೆ ಇಳಿಯಬೇಕು. ಕೊನೆಯ ಐದನೇ ಒಂದು ಪಾಲು ತುಂಬಲು ಹಲವು ಗಂಟೆ ಬೇಕು, ಅವಸರ ಮಾಡಿದರೆ ಸಲ್ಫೇಟ್ ಉಳಿಯುವುದು ಅಲ್ಲಿಯೇ. ವಾರಕ್ಕೊಮ್ಮೆಯಾದರೂ ಇದು ನಡೆಯಲೇಬೇಕು, ಅಲ್ಲಿಯವರೆಗೆ ಟಿ.ವಿ., ಮಿಕ್ಸಿಗಳನ್ನು ಬದಿಗಿಟ್ಟು ಬಲ್ಬು ಮತ್ತು ಮೊಬೈಲ್ ಚಾರ್ಜಿಗಷ್ಟೇ ಬಳಸಿದರೆ ಒಳಿತು. ಪ್ಯಾನಲ್ ಮೇಲಿನ ಪಾಚಿಯನ್ನೂ ಒರೆಸಿ.

ಬ್ಯಾಟರಿ ಇಡುವ ಜಾಗ ಬಚ್ಚಲ ಒಲೆಯ ಗೋಡೆಯ ಪಕ್ಕವಾಗಲಿ, ಬೇಸಗೆಯಲ್ಲಿ ಕಾಯುವ ಹೆಂಚಿನ ಕೆಳಗಿನ ಅಟ್ಟವಾಗಲಿ ಬೇಡ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಗಾಳಿಯಾಡುವ ಕಡೆ, ಜಿನುಗುವ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಟರ್ಮಿನಲ್ ಮೇಲೆ ಹಸಿರು ಅಥವಾ ಬಿಳಿ ಪದರ ಕಂಡರೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಗಿ ಮಾಡಿ, ಪೆಟ್ರೋಲಿಯಂ ಜೆಲ್ಲಿ ಸವರಿ. ಮೈ ಉಬ್ಬಿದ ಬ್ಯಾಟರಿಯನ್ನು ಪರೀಕ್ಷಿಸುತ್ತ ಕೂರದೆ ಆಗಲೇ ಬಳಕೆಯಿಂದ ತೆಗೆಯಬೇಕು.

ಬದಲಾಯಿಸುವುದಾದರೆ ಜೋಡಿಯಾಗಿಯೇ ಬದಲಾಯಿಸಿ. ಹಳೆಯದರ ಜೊತೆ ಸೇರಿದ ಹೊಸದು ಬೇಗನೆ ಹಾಳಾಗುತ್ತದೆ. ಹಳೆಯದರೊಳಗೆ ಸೀಸವಿರುವುದರಿಂದ ಅದನ್ನು ತೋಟದ ಮೂಲೆಗೆ ಎಸೆಯದೆ ಹೊಸದು ಕೊಳ್ಳುವ ಅಂಗಡಿಗೇ ಒಪ್ಪಿಸಿ. ಹೊಸದನ್ನು ಕೂರಿಸಿದ ವಾರದಲ್ಲೇ ಐದು ಗಂಟೆಯ ಪರೀಕ್ಷೆ ಮಾಡಿ ಅಂಕಿಗಳನ್ನು ಬರೆದಿಟ್ಟರೆ, ಮುಂದಿನ ವರ್ಷಗಳ ಅಂಕಿಗಳನ್ನು ಅದರೊಂದಿಗೇ ಹೋಲಿಸಿ ನೋಡಬಹುದು.